ಒಂದೇ ಪುಟ, ಆರು ಕರ್ಸರ್

ಆರು ಮಕ್ಕಳು ತಂತಮ್ಮ ಮನೆಯಲ್ಲಿ ಕೂತು ಒಂದೇ ಪುಟದಲ್ಲಿ ಬರೆಯುತ್ತಿದ್ದಾರೆ. ಪರದೆಯ ಮೇಲೆ ಆರು ಬಣ್ಣದ ಕರ್ಸರ್‌ಗಳು ಮಿಣುಕುತ್ತಿವೆ. ಯಾರೋ ಅವಸರದಲ್ಲಿ ‘ಸಮತಲ’ ಎಂದು ಬರೆಯಲು ಹೋಗಿ ‘ಸತಲನ’ ಎಂದು ಟೈಪ್ ಮಾಡಿದ್ದಾರೆ. ಅದು ಇಬ್ಬರ ಕಣ್ಣಿಗೆ ಒಟ್ಟಿಗೇ ಬಿತ್ತು. ಒಬ್ಬಳು ಎರಡನೇ ಜಾಗದಲ್ಲಿ ‘ಮ’ ತುರುಕಿದಳು. ಅದೇ ಕ್ಷಣಕ್ಕೆ ಇನ್ನೊಬ್ಬ ನಾಲ್ಕನೇ ಅಕ್ಷರವಾದ ‘ನ’ವನ್ನು ಅಳಿಸಿದ.

ಎಡವಟ್ಟು ಆಗುವುದು ಇಲ್ಲೇ. ‘ನಾಲ್ಕನೇ ಅಕ್ಷರ ಅಳಿಸು’ ಎಂಬ ಅವನ ಆದೇಶ ಅವಳ ಕಂಪ್ಯೂಟರ್ ಮುಟ್ಟುವಷ್ಟರಲ್ಲಿ ಅಲ್ಲಿರುವುದು ‘ಸಮತಲನ’. ಅದರ ನಾಲ್ಕನೇ ಅಕ್ಷರ ‘ಲ’. ಹೇಳಿದ್ದನ್ನು ಹೇಳಿದಂತೆ ಮಾಡಿದರೆ ಅವಳ ಪರದೆಯಲ್ಲಿ ‘ಸಮತನ’ ಉಳಿಯುತ್ತದೆ, ಅವನ ಪರದೆಯಲ್ಲಿ ‘ಸಮತಲ’. ಇಬ್ಬರೂ ತಿದ್ದಿದ್ದು ಸರಿಯೇ, ಆದರೂ ಇದ್ದ ಒಂದು ಪುಟ ಎರಡಾಯಿತು.

ಗೂಗಲ್ ಡಾಕ್ಸ್‌ನಂಥ ಕಡೆ ಹೀಗಾಗುವುದಿಲ್ಲ. ಕ್ಲಾರೆನ್ಸ್ ಎಲ್ಲಿಸ್ ಮತ್ತು ಸೈಮನ್ ಗಿಬ್ಸ್ 1989ರಲ್ಲಿ ಮುಂದಿಟ್ಟ ಉಪಾಯವೊಂದು ಅದಕ್ಕೆ ಕಾರಣ. ಆಪರೇಷನಲ್ ಟ್ರಾನ್ಸ್‌ಫಾರ್ಮೇಷನ್ ಎಂಬ ಭಾರೀ ಹೆಸರು ಅದಕ್ಕಿದ್ದರೂ ಸಂಗತಿ ಸರಳ: ಬಂದ ಆದೇಶವನ್ನು ಹಾಗೇ ಪಾಲಿಸಬೇಡ, ಅದು ದಾರಿಯಲ್ಲಿದ್ದಾಗ ಇಲ್ಲಿ ಏನೇನು ಬದಲಾಯಿತು ನೋಡಿ ಅದಕ್ಕೆ ತಕ್ಕಂತೆ ತಿದ್ದಿಕೋ. ಮೊದಲೇ ಒಂದು ‘ಮ’ ಸೇರಿದೆಯಲ್ಲ, ಹಾಗಾಗಿ ‘ನಾಲ್ಕನೆಯದನ್ನು ಅಳಿಸು’ ಎಂಬುದು ‘ಐದನೆಯದನ್ನು ಅಳಿಸು’ ಎಂದಾಗುತ್ತದೆ. ಎರಡೂ ಪರದೆಗಳಲ್ಲಿ ‘ಸಮತಲ’.

ಆಮೇಲೆ ಬಂದ ಇನ್ನೊಂದು ದಾರಿಯ ಹೆಸರು ಸಿಆರ್‌ಡಿಟಿ, ಅಂದರೆ ತಿಕ್ಕಾಟವಿಲ್ಲದೆ ಒಂದಾಗಬಲ್ಲ ಪ್ರತಿಗಳು. ಮಾರ್ಕ್ ಶಪೀರೊ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೆ ಖಚಿತ ರೂಪ ಕೊಟ್ಟರು. ಇಲ್ಲಿ ಅಕ್ಷರಗಳನ್ನು ಎಣಿಸುವ ಗೋಜೇ ಇಲ್ಲ. ಹುಟ್ಟಿದ ಪ್ರತಿ ಅಕ್ಷರಕ್ಕೂ ಬದಲಾಗದ ಒಂದು ಗುರುತು. ಅದು ಎಷ್ಟನೇ ಜಾಗಕ್ಕೆ ಸರಿದರೂ ಗುರುತು ಅದೇ. ಅಳಿಸಿದ ಅಕ್ಷರವೂ ಅನೇಕ ವಿನ್ಯಾಸಗಳಲ್ಲಿ ಪೂರ್ತಿ ಮಾಯವಾಗುವುದಿಲ್ಲ, ಅದರ ಜಾಗದಲ್ಲಿ ಒಂದು ಗುರುತುಗಲ್ಲು ಉಳಿಯುತ್ತದೆ. ಇಂಜಿನಿಯರುಗಳು ಅದನ್ನು ಗೋರಿಕಲ್ಲು ಎಂದೇ ಕರೆಯುತ್ತಾರೆ! ನೆಟ್‌ವರ್ಕ್ ಇಲ್ಲದಾಗ ಬರೆದಿಟ್ಟು, ಸಿಕ್ಕಾಗ ಜೋಡಿಸುವ ಮಕ್ಕಳಿಗೆ ಈ ದಾರಿ ಹೆಚ್ಚು ಅನುಕೂಲ.

‘ಸಮತಲ’ವನ್ನು ನಾನು ಬೇಕೆಂದೇ ಆರಿಸಿಕೊಂಡೆ. ಅದರಲ್ಲಿ ಗುಣಿತವಿಲ್ಲ, ಒತ್ತಿಲ್ಲ. ‘ವಿಜ್ಞಾನ’ ಆಗಿದ್ದರೆ ನಮ್ಮ ಲೆಕ್ಕಕ್ಕೆ ಮೂರು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕಕ್ಕೆ ಏಳು ಸಂಕೇತ: ವ, ಇಕಾರದ ಗುಡಿಸು, ಜ, ಹಲಂತ, ಞ, ಆಕಾರದ ಇಳಿ, ನ. ಒಬ್ಬ ‘ಞ’ವನ್ನೂ ಇನ್ನೊಬ್ಬಳು ಹಲಂತವನ್ನೂ ಒಂದೇ ಸಲ ಅಳಿಸಿದರೆ ಗಣಿತ ಇಬ್ಬರಿಗೂ ಒಂದೇ ಫಲಿತಾಂಶ ಕೊಡುತ್ತದೆ: ‘ವಿಜಾನ’. ಆ ಫಲಿತಾಂಶ ಯಾರಿಗೂ ಬೇಕಿರಲಿಲ್ಲ. ಎಲ್ಲರ ಪುಟವೂ ಒಂದೇ ಆಗಿರಲಿ ಎಂದಷ್ಟೇ ಈ ಗಣಿತ ಮಾತು ಕೊಟ್ಟಿದೆ. ಪುಟ ಚೆನ್ನಾಗಿರುತ್ತದೆ ಎಂದು ಎಲ್ಲೂ ಹೇಳಿಲ್ಲ.

ಜೊತೆಯಾಗಿ ಬರೆಯುವ ಕನಸು ಇದಕ್ಕೂ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಕೂತ ಡಗ್ಲಸ್ ಎಂಗೆಲ್‌ಬಾರ್ಟ್, ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯನ್ನು ಹಂಚಿಕೊಂಡು ಕೆಲಸ ಮಾಡಿ ತೋರಿಸಿದ್ದರು. ಮೌಸ್ ಎಂಬ ವಸ್ತುವನ್ನು ಜನ ಕಂಡದ್ದೂ ಆ ದಿನವೇ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಯಾರು ಬೇಕಾದರೂ ತಿದ್ದಬಹುದಾದ ಮೊದಲ ವಿಕಿ ಕಟ್ಟಿದರು. ಆನ್‌ಲೈನ್ ತರಗತಿ ನಡೆಸಲು 2002ರಲ್ಲಿ ಮೂಡಲ್, 2014ರಲ್ಲಿ ಗೂಗಲ್ ಕ್ಲಾಸ್‌ರೂಮ್ ಬಂದವು. ಒಟ್ಟಿನಲ್ಲಿ ಉಪಕರಣಗಳಿಗೆ ಕೊರತೆಯಿಲ್ಲ.

ಕಷ್ಟವಿರುವುದು ಅವನ್ನು ಬಳಸುವ ಗುಂಪಿನಲ್ಲಿ, ಹಗ್ಗ ಎಳೆಯುವವರಲ್ಲಿದ್ದಂತೆ. ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಇಂಜಿನಿಯರ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಂಟು ಜನ ಕೂಡಿ ಹಗ್ಗ ಎಳೆದಾಗ ತಲಾ ಶಕ್ತಿ ಒಬ್ಬನೇ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. 1979ರಲ್ಲಿ ಬಿಬ್ ಲಟಾನೆ ಮತ್ತು ಜೊತೆಗಾರರು ಜನರಿಗೆ ಚಪ್ಪಾಳೆ ತಟ್ಟಲು, ಕೂಗಲು ಹೇಳಿ ಅಳೆದರು. ಅಲ್ಲೂ ಅದೇ ಕತೆ, ಗುಂಪು ದೊಡ್ಡದಾದಂತೆ ತಲಾ ಗದ್ದಲ ಕಡಿಮೆ. ಎರಡು ವರ್ಷದ ನಂತರ ಅದೇ ಸಂಶೋಧಕರು ಮದ್ದನ್ನೂ ಕಂಡುಕೊಂಡರು: ಯಾರು ಎಷ್ಟು ಕೂಗಿದರು ಎಂಬುದು ಗೊತ್ತಾಗುತ್ತದೆ ಎಂದಾದರೆ ಮೈಗಳ್ಳತನ ಬಹುಮಟ್ಟಿಗೆ ಮಾಯ.

ಮೇಷ್ಟರುಗಳು ‘ಆವೃತ್ತಿ ಇತಿಹಾಸ’ವನ್ನು ಪ್ರೀತಿಸುವುದು ಇದಕ್ಕೇ. ಯಾವ ಸಾಲು ಯಾರದು, ಎಷ್ಟು ಹೊತ್ತಿಗೆ ಬಂತು, ಎಲ್ಲ ಅಲ್ಲಿ ದಾಖಲಾಗಿರುತ್ತದೆ. ಗಡುವಿನ ಹಿಂದಿನ ರಾತ್ರಿ ನಾಲ್ಕು ಪ್ಯಾರಾ ಒಂದೇ ಏಟಿಗೆ ಬಂದು ಬಿದ್ದಿದ್ದರೆ ಅದು ಬಹುಶಃ ಅಲ್ಲೇ ಬರೆದದ್ದಲ್ಲ, ಎಲ್ಲಿಂದಲೋ ತಂದು ಅಂಟಿಸಿದ್ದು. ಅದನ್ನು ಹಿಡಿಯಲು ಪತ್ತೇದಾರಿಕೆ ಬೇಕಿಲ್ಲ.

ಚೀಟಿ ಅಂಟಿಸುವ ಆನ್‌ಲೈನ್ ಹಲಗೆಗಳ ಲಾಭ ಬೇರೆ ಥರದ್ದು. ಚರ್ಚೆಯಲ್ಲಿ ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು. ಕಾಯುತ್ತಾ ಹೊಳೆದದ್ದು ಮರೆತುಹೋಗುತ್ತದೆ. ಗುಂಪಿನಲ್ಲಿ ಹೊಸ ಯೋಚನೆಗಳು ಕಡಿಮೆಯಾಗಲು ಇದು ಮುಖ್ಯ ಕಾರಣವೆಂದು ಮನೋವಿಜ್ಞಾನಿಗಳಾದ ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ತೋರಿಸಿದರು. ಹಲಗೆಯ ಮೇಲೆ ಎಲ್ಲರೂ ಒಟ್ಟಿಗೇ ಬರೆಯಬಹುದು, ಸರದಿ ಬೇಕಿಲ್ಲ. ಹೆಸರು ಮರೆಮಾಡುವ ಸೌಲಭ್ಯವಿದ್ದರೆ ಮೊದಲ ಹತ್ತು ನಿಮಿಷ ಅದನ್ನು ಬಳಸಿ ಎನ್ನುವುದು ನನ್ನ ಸಲಹೆ. ನಾಚಿಕೆ ಸ್ವಭಾವದ ಮಕ್ಕಳು ಆಗ ಹೊರಗೆ ಬರುತ್ತಾರೆ.

ಆವೃತ್ತಿ ಇತಿಹಾಸವನ್ನು ಅಂಕಪಟ್ಟಿ ಮಾಡಿಕೊಳ್ಳುವುದಕ್ಕೆ ಮಾತ್ರ ನನ್ನ ತಕರಾರಿದೆ. ನಾನೂ ಒಮ್ಮೆ ಪದ ಎಣಿಸಿ ಅಂಕ ಹಾಕಲು ಕೂತಿದ್ದೆ. ಆಕಾಶ ನೀಲಿ ಯಾಕೆ ಎಂಬ ವಿಷಯ. ಸಮುದ್ರದ ಬಣ್ಣ ಮೇಲೆ ಪ್ರತಿಫಲಿಸುತ್ತದೆ ಎಂದು ಇಬ್ಬರು ಸೇರಿ ಒಂದು ಪುಟ ತುಂಬಿಸಿದ್ದರು. ಇತಿಹಾಸವನ್ನು ಹಿಂದಕ್ಕೆ ಸರಿಸುತ್ತಾ ಹೋದಾಗ ಒಂದು ಕಡೆ ಆ ಪುಟವಿಡೀ ಇದ್ದಕ್ಕಿದ್ದಂತೆ ಅಳಿದುಹೋಗಿತ್ತು. ಅದರ ನಂತರ ಬಂದದ್ದು ಗಾಳಿಯ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ ಎಂಬ ಸರಿಯಾದ ವಿವರಣೆ. ಅಳಿಸಿದವರೂ ಹೊಸದಾಗಿ ಬರೆದವರೂ ಆ ಇಬ್ಬರೇ.

ಯಾಕೆ ಅಳಿಸಿದರು ಎಂದು ತಿಳಿಯದೆ, ‘ಪರಿಹಾರವಾಗಿದೆ’ ಎಂದು ಗುರುತು ಹಾಕಿ ಮುಚ್ಚಿದ್ದ ಟಿಪ್ಪಣಿಗಳನ್ನು ತೆರೆದೆ. ಮೂರನೇ ಹುಡುಗಿಯೊಬ್ಬಳು ಅಂಚಿನಲ್ಲಿ ಒಂದು ಸಾಲು ಕೇಳಿದ್ದಳು: ‘ಸಮುದ್ರ ಇಲ್ಲದ ಕಡೆ ಆಕಾಶ ಯಾವ ಬಣ್ಣ?’ ಲೇಖನದೊಳಗೆ ಆಕೆಯ ಹೆಸರಿನಲ್ಲಿ ಒಂದಕ್ಷರವೂ ಇರಲಿಲ್ಲ.