ಬಾಕ್ಸೊಳಗೆ ಬ್ಯಾಟರಿ, ಪೇಪರಲ್ಲಿ 'ಸ್ಪೇರ್ ಪಾರ್ಟ್ಸ್': ಲಿಥಿಯಂ ರೂಲ್ಸು ಇಷ್ಟು ಗೋಜಲಾಗಿದ್ದು ಹೇಗೆ

2020ರ ಜನವರಿ ಮೊದಲ ವಾರ. ಚೀನಾದ ನಾನ್ಶಾದಿಂದ ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ ಹೊರಟಿದ್ದ ಕಾಸ್ಕೋ ಪೆಸಿಫಿಕ್ ಅನ್ನೋ ಕಂಟೇನರ್ ಹಡಗಲ್ಲಿ ದಾರಿ ಮಧ್ಯೆ ಬೆಂಕಿ ಕಾಣಿಸ್ಕೊಳ್ತು. ಉರಿದ ಕಂಟೇನರ್ ಒಳಗಿದ್ದಿದ್ದು ಲಿಥಿಯಂ ಬ್ಯಾಟರಿ, ಪೇಪರಲ್ಲಿ ಇದ್ದಿದ್ದು 'ಸ್ಪೇರ್ ಪಾರ್ಟ್ಸ್ ಅಂಡ್ ಆಕ್ಸೆಸರೀಸ್'. ಮಾರನೇ ವರ್ಷ ಆಗಸ್ಟಲ್ಲಿ ಅಮೆರಿಕದ ವರ್ಜೀನಿಯಾ ಬಂದರಿಗೆ ಹೋಗ್ತಿದ್ದ ಇನ್ನೊಂದು ಕಂಟೇನರ್ ಹೈವೇ ಮೇಲೇ ಉರೀತು, ಒಳಗೆ ಗುಜರಿ ಬ್ಯಾಟರಿ, ಪೇಪರಲ್ಲಿ 'ಕಂಪ್ಯೂಟರ್ ಪಾರ್ಟ್ಸ್'. ಇದು ಹಡಗು ಹತ್ತಿದ ಮೇಲೆ ಆಗಿದ್ರೆ ಗತಿ ಏನು ಅಂತ ಅಲ್ಲಿನ ಕೋಸ್ಟ್ ಗಾರ್ಡ್ ಆಮೇಲೆ ಎಚ್ಚರಿಕೆ ಹೊರಡಿಸ್ತು.

ಈ 'ಪಾರ್ಟ್ಸ್' ಅನ್ನೋ ಪದ ನಮ್ಮ ಲೈನಲ್ಲಿ ಇರೋರಿಗೆಲ್ಲ ಚೆನ್ನಾಗಿ ಪರಿಚಯ. ನಾನು ಬೆಂಗಳೂರಲ್ಲಿ ವೆಹಿಕಲ್ ಟ್ರ್ಯಾಕರ್ ಮಾಡೋ ಒಂದು ಸಣ್ಣ ಕಂಪನೀಲಿ ಡಿಸ್ಪ್ಯಾಚ್ ನೋಡ್ಕೊಳ್ತೀನಿ, ತಿಂಗಳಿಗೆ ಒಬ್ಬರಾದ್ರೂ ಫೋನ್ ಮಾಡಿ "ಒಂದು ಬ್ಯಾಟರಿ ಫಾರಿನ್‌ಗೆ ಕಳಿಸ್ಬೇಕು, ಯಾಕಿಷ್ಟು ರಗಳೆ" ಅಂತ ಕೇಳ್ತಾರೆ, ಎರಡು ನಿಮಿಷದಲ್ಲಿ ಹೇಳಕ್ಕೆ ಆಗಲ್ಲ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ನಂಬರ್‌ಗಳ ವಿಷ್ಯ. ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಬ್ಯಾಟರಿ ಬಿಡಿಯಾಗಿ ಹೋದ್ರೆ ಯುಎನ್ 3480, ಅಂದ್ರೆ ಅಪಾಯಕಾರಿ ವಸ್ತುಗಳಿಗೆ ವಿಶ್ವಸಂಸ್ಥೆ ಕೊಟ್ಟಿರೋ ನಂಬರ್. ಅದೇ ಬ್ಯಾಟರಿ ಉಪಕರಣದ ಒಳಗೆ ಕೂತು ಹೋದ್ರೆ ಅಥವಾ ಉಪಕರಣದ ಜೊತೆ ಅದೇ ಡಬ್ಬದಲ್ಲಿ ಹೋದ್ರೆ 3481. ಚಾರ್ಜ್ ಆಗದ ಲಿಥಿಯಂ ಮೆಟಲ್ ಬ್ಯಾಟರಿಗೆ ಇದೇ ಲೆಕ್ಕದಲ್ಲಿ 3090, 3091. ಎಲ್ಲಾ ಕ್ಲಾಸ್ 9, ಅಂದ್ರೆ 'ಇತರೆ' ಅಪಾಯಕಾರಿ ವಸ್ತು. ಒಂದೇ ಬ್ಯಾಟರಿ, ಟ್ರ್ಯಾಕರ್ ಒಳಗಿದ್ರೆ ಸಲೀಸಾಗಿ ಹೋಗುತ್ತೆ, ಹೊರಗೆ ತೆಗೆದಿಟ್ರೆ ಪ್ಯಾಸೆಂಜರ್ ವಿಮಾನ ಹತ್ತೋ ಹಾಗೇ ಇಲ್ಲ. ಕೇಳಿದೋರಿಗೆ ಹುಚ್ಚಾಟ ಅನ್ಸುತ್ತೆ, ಆದ್ರೆ ಲಾಜಿಕ್ ಇದೆ: ಉಪಕರಣದ ಒಳಗಿರೋದಕ್ಕೆ ಒಂದು ಕವಚ ಇರುತ್ತೆ, ಅಕ್ಕಪಕ್ಕದ ಬ್ಯಾಟರಿಯಿಂದ ಸ್ವಲ್ಪ ದೂರ ಇರುತ್ತೆ. ಬಿಡಿ ಬ್ಯಾಟರಿ ಅಂದ್ರೆ ಒಂದು ಪ್ಯಾಲೆಟ್‌ನಲ್ಲಿ ಸಾವಿರಾರು, ಒಂದಕ್ಕೊಂದು ಅಂಟ್ಕೊಂಡು. ಒಂದು ಸೆಲ್ ಒಳಗೆ ಶಾರ್ಟ್ ಆಗಿ ಬಿಸಿ ಏರಿದ್ರೆ ಆ ಬಿಸಿಗೇ ಪಕ್ಕದ್ದು ಕೆಡುತ್ತೆ, ಅದರ ಬಿಸಿಗೆ ಅದರ ಪಕ್ಕದ್ದು, ದೀಪಾವಳಿಗೆ ಪಟಾಕಿ ಸರ ಹಚ್ಚಿದ ಹಾಗೆ. ಇದಕ್ಕೇ ಥರ್ಮಲ್ ರನ್‌ಅವೇ ಅನ್ನೋದು.

ಇನ್ನು ಚರಿತ್ರೆ. 1991ರಲ್ಲಿ ಸೋನಿ ಮೊದಲ ಲಿಥಿಯಂ ಅಯಾನ್ ಬ್ಯಾಟರಿ ಮಾರ್ಕೆಟ್‌ಗೆ ತಂತು, ಹತ್ತು ವರ್ಷದಲ್ಲಿ ಅದು ಎಲ್ಲರ ಜೇಬಿಗೂ ಬಂತು, ಅಲ್ಲೀತನಕ ಇದನ್ನ ಹೇಗೆ ಸಾಗಿಸ್ತಾರೆ ಅಂತ ಹೆಚ್ಚು ಜನ ತಲೆ ಕೆಡಿಸ್ಕೊಂಡಿರಲಿಲ್ಲ. ಮೊದಲ ಪೆಟ್ಟು ಬಿದ್ದಿದ್ದು 1999ರ ಏಪ್ರಿಲ್ 28, ಲಾಸ್ ಏಂಜಲೀಸ್ ಏರ್‌ಪೋರ್ಟ್. ಒಸಾಕಾದಿಂದ ಪ್ಯಾಸೆಂಜರ್ ವಿಮಾನದಲ್ಲಿ ಬಂದ ಸುಮಾರು 1,20,000 ಲಿಥಿಯಂ ಮೆಟಲ್ ಬ್ಯಾಟರಿಗಳ ಪ್ಯಾಲೆಟ್‌ಗಳು ಇಳಿಸಿದ ಮೇಲೆ ಹೊತ್ಕೊಂಡ್ವು, ಆರಿಸಿದ್ರು, ಮತ್ತೆ ಹೊತ್ಕೊಂಡ್ವು. ಜನ ಕೂತಿದ್ದ ವಿಮಾನದ ಹೊಟ್ಟೆಯಲ್ಲೇ ಅವು ಅಷ್ಟು ದೂರ ಬಂದಿದ್ವು ಅನ್ನೋದು ತಲೆಗೆ ಹೋದ ಮೇಲೆ ಅಮೆರಿಕ 2004ರ ಡಿಸೆಂಬರಲ್ಲಿ ಲಿಥಿಯಂ ಮೆಟಲ್ ಬ್ಯಾಟರಿನ ಪ್ಯಾಸೆಂಜರ್ ವಿಮಾನದ ಕಾರ್ಗೋದಿಂದ ಹೊರಗೆ ಹಾಕ್ತು. ಇಡೀ ಪ್ರಪಂಚಕ್ಕೆ ಅದೇ ರೂಲ್ ಬಂದಿದ್ದು 2015ರ ಜನವರಿ 1ಕ್ಕೆ. ನಡುವೆ ಹತ್ತು ವರ್ಷ, ಆ ಹತ್ತು ವರ್ಷದಲ್ಲಿ ಏನೇನಾಯ್ತು ಅನ್ನೋದೇ ಈ ಕತೆಯ ಮುಖ್ಯ ಭಾಗ.

2010ರ ಸೆಪ್ಟೆಂಬರ್ 3. ಹಾಂಗ್‌ಕಾಂಗಿಂದ ಬಂದು ದುಬೈನಲ್ಲಿ ನಿಂತು ಜರ್ಮನಿಯ ಕೊಲೋನ್‌ಗೆ ಹೊರಟ ಯುಪಿಎಸ್ ಫ್ಲೈಟ್ 6, ಬೋಯಿಂಗ್ 747 ಕಾರ್ಗೋ ವಿಮಾನ. ಒಳಗೆ ಇಬ್ಬರೇ ಪೈಲಟ್‌ಗಳು, ಹಿಂದೆ 81,000ಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿ. ಮೇಲೇರಿ 22 ನಿಮಿಷಕ್ಕೆ, ಬಹ್ರೇನ್ ಹತ್ತಿರ ಇರೋವಾಗ ಫೈರ್ ಅಲಾರಂ ಹೊಡೀತು. ದೋಹಾ ಹತ್ತಿರ ಇತ್ತು, ಆದ್ರೆ ಬಂದ ದಾರಿಗೆ ದುಬೈಗೇ ತಿರುಗಿಸಿದ್ರು. ಕೆಲವೇ ನಿಮಿಷಕ್ಕೆ ಕಾಕ್‌ಪಿಟ್ ತುಂಬಾ ಹೊಗೆ, ಮುಂದಿರೋ ಮೀಟರ್‌ಗಳೇ ಕಾಣ್ತಿಲ್ಲ, ಕ್ಯಾಪ್ಟನ್‌ಗೆ ಆಮ್ಲಜನಕ ಬರೋದು ನಿಂತು ಸೀಟ್ ಬಿಟ್ಟು ಎದ್ದೋರು ವಾಪಸ್ ಬರಲೇ ಇಲ್ಲ. ಉಳಿದ ಒಬ್ಬ ಪೈಲಟ್‌ಗೆ ರೇಡಿಯೋ ಫ್ರೀಕ್ವೆನ್ಸಿ ಬದಲಾಯಿಸಕ್ಕೂ ಕಣ್ಣು ಕಾಣದೆ, ಅಕ್ಕಪಕ್ಕ ಹಾರ್ತಿದ್ದ ಬೇರೆ ವಿಮಾನಗಳ ಪೈಲಟ್‌ಗಳು ಏರ್ ಟ್ರಾಫಿಕ್ ಕಂಟ್ರೋಲ್‌ನ ಮಾತನ್ನ ಈತನಿಗೂ ಈತನ ಮಾತನ್ನ ಅವರಿಗೂ ದಾಟಿಸ್ತಾ ಇದ್ರು, ನನ್ನ ಎತ್ತರ ಎಷ್ಟು, ವೇಗ ಎಷ್ಟು ಅಂತ ಈತನೇ ಕೇಳ್ಬೇಕಾಯ್ತು. ವಿಮಾನ ದುಬೈ ಏರ್‌ಪೋರ್ಟ್ ಮೇಲೇ ಹಾದುಹೋಗಿ ಆಚೆ ಬಿತ್ತು, ಇಬ್ಬರೂ ಸತ್ರು.

ಯುಎಇ ತನಿಖೆಯ ವರದಿ 2013ರಲ್ಲಿ ಬಂತು. ಎರಡು ವಿಷ್ಯ ಈಗಲೂ ಕೊರೆಯುತ್ತೆ. ಒಂದು, ಆ ವಿಮಾನದ ಮುಖ್ಯ ಕಾರ್ಗೋ ಡೆಕ್ಕಲ್ಲಿ ಬೆಂಕಿ ಆರಿಸೋ ಗ್ಯಾಸೇ ಇರಲಿಲ್ಲ, ಅಂಥ ವಿಮಾನಗಳ ವಿಧಾನವೇ ಬೇರೆ, ಗಾಳಿ ಒತ್ತಡ ಇಳಿಸಿ ಆಮ್ಲಜನಕ ಕಡಿಮೆ ಮಾಡಿ ಬೆಂಕಿನ ಉಸಿರುಗಟ್ಟಿಸೋದು. ಲಿಥಿಯಂ ಸೆಲ್ ಒಳಗಿನ ಬಿಸಿ ಹೊರಗಿನ ಗಾಳಿಗೆ ಕಾಯಲ್ಲ, ಅದರ ರಾಸಾಯನಿಕ ಕ್ರಿಯೆ ತನ್ನಷ್ಟಕ್ಕೆ ನಡೀತಾ ಇರುತ್ತೆ. ಪ್ಯಾಸೆಂಜರ್ ವಿಮಾನದ ಕೆಳಗಿನ ಕಂಪಾರ್ಟ್‌ಮೆಂಟಲ್ಲಿ ಹಾಲಾನ್ ಅನ್ನೋ ಬೆಂಕಿ ಆರಿಸೋ ಗ್ಯಾಸ್ ಇರುತ್ತಲ್ಲ ಅಂದ್ರೆ, ಹಾಲಾನ್ ಜ್ವಾಲೆ ತಗ್ಗಿಸುತ್ತೆ, ಸೆಲ್‌ನಿಂದ ಸೆಲ್‌ಗೆ ಹಬ್ಬೋ ಬಿಸಿನ ತಡೆಯಲ್ಲ. ಎರಡನೇ ವಿಷ್ಯ: ಕನಿಷ್ಠ ಮೂರು ಕನ್‌ಸೈನ್‌ಮೆಂಟ್‌ಗಳು ಕ್ಲಾಸ್ 9 ಅಂತ ಡಿಕ್ಲೇರ್ ಆಗ್ಬೇಕಿತ್ತು, ಆಗಿರಲಿಲ್ಲ.

2011ರ ಜುಲೈ 28ಕ್ಕೆ ಏಷ್ಯಾನಾ 991, ಇನ್ನೊಂದು 747 ಕಾರ್ಗೋ, ಇಂಚಿಯಾನ್‌ನಿಂದ ಶಾಂಘೈಗೆ ಹೋಗ್ತಾ ಜೆಜು ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು, ಇಬ್ಬರು ಪೈಲಟ್‌ಗಳೂ ಹೋದ್ರು, ಒಳಗೆ ಲಿಥಿಯಂ ಬ್ಯಾಟರಿ ಜೊತೆಗೆ ಬೆಂಕಿ ಹಿಡಿಯೋ ದ್ರವಗಳೂ ಇದ್ವು, ಯಾವುದರಿಂದ ಶುರುವಾಯ್ತು ಅಂತ ಗಟ್ಟಿಯಾಗಿ ಹೇಳಕ್ಕೆ ಆಗಲಿಲ್ಲ. 2013ರಲ್ಲಿ ಬೋಯಿಂಗ್ 787ರ ಸ್ವಂತ ಬ್ಯಾಟರಿಗಳೇ ಸುಟ್ಟು ಏರ್ ಇಂಡಿಯಾದ್ದೂ ಸೇರಿ ಆ ಮಾಡೆಲ್ಲಿನ ವಿಮಾನಗಳು ಎಲ್ಲಾ ಕಡೆ ನೆಲಕ್ಕಿಳಿದ್ವು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎದ ಲ್ಯಾಬಲ್ಲಿ ಸೆಲ್‌ಗಳನ್ನ ಬೇಕಂತಲೇ ಸುಟ್ಟು ನೋಡ್ತಾ ಬಂದ್ರು. ಒಂದು ಸರಳ ಸತ್ಯ ಸಿಕ್ತು: ಚಾರ್ಜ್ ಕಡಿಮೆ ಇದ್ದಷ್ಟೂ ಬೆಂಕಿ ಹಬ್ಬೋದು ಕಡಿಮೆ. ಪೂರ್ತಿ ಖಾಲಿ ಮಾಡಿ ಕಳಿಸೋಣ ಅಂದ್ರೆ ಆಗಲ್ಲ, ಸುಮ್ನೆ ಕೂತಿದ್ರೂ ಚಾರ್ಜ್ ಸೋರುತ್ತೆ, ಮಿತಿಗಿಂತ ಕೆಳಗಿಳಿದ್ರೆ ಸೆಲ್ ಹಾಳು. ಹೀಗಾಗಿ 30 ಪರ್ಸೆಂಟ್ ಅನ್ನೋ ಲೆಕ್ಕ ಬಂತು.

2016ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನಲ್ಲಿರೋ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋ ತೀರ್ಮಾನ ಮಾಡ್ತು, ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಪ್ಯಾಸೆಂಜರ್ ವಿಮಾನದ ಕಾರ್ಗೋದಲ್ಲಿ ಬಂದ್, ಕಾರ್ಗೋ ವಿಮಾನದಲ್ಲಿ ಹೋಗೋದಾದ್ರೆ 30 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜ್ ಇರಬಾರದು. ಇದು ತಾತ್ಕಾಲಿಕ ಅಂದಿದ್ರು, ಬೆಂಕಿ ತಡ್ಕೊಳ್ಳೋ ಪ್ಯಾಕಿಂಗ್ ಸ್ಟ್ಯಾಂಡರ್ಡ್ 2018ರ ಹೊತ್ತಿಗೆ ಬರುತ್ತೆ ಅಂತ ಲೆಕ್ಕ. 2018 ಬಂತು, ಹೋಯ್ತು. ನಿಷೇಧ ಹಾಗೇ ಇದೆ, ನಮ್ಮೂರಿನ ತಾತ್ಕಾಲಿಕ ಡೈವರ್ಷನ್ ರೋಡಿನ ಹಾಗೆ. ನಿಷೇಧ ಬಂದ 2016ರಲ್ಲೇ ಸ್ಯಾಮ್‌ಸಂಗ್ ನೋಟ್ 7 ಫೋನ್‌ಗಳು ಹೊತ್ಕೊಂಡ ಗಲಾಟೆಯೂ ಆಗಿದ್ದರಿಂದ ಯಾರೂ ಹೆಚ್ಚು ವಾದ ಮಾಡೋ ಸ್ಥಿತಿಯಲ್ಲಿ ಇರಲಿಲ್ಲ.

ಅಷ್ಟಾದ್ರೂ ಒಂದು ಸಣ್ಣ ಕಿಂಡಿ ಉಳಿದಿತ್ತು. 100 ವ್ಯಾಟ್-ಅವರ್ ಒಳಗಿನ ಬ್ಯಾಟರಿ ಒಂದು ಡಬ್ಬಕ್ಕೆ ಎರಡರ ತನಕ ಡೇಂಜರಸ್ ಗೂಡ್ಸ್ ಡಿಕ್ಲರೇಷನ್ ಇಲ್ಲದೇ ಕಾರ್ಗೋ ವಿಮಾನದಲ್ಲಿ ಕಳಿಸಬಹುದಿತ್ತು. ಸೆಕ್ಷನ್ 2 ಅಂತ ಕರೀತಿದ್ವಿ. (ವ್ಯಾಟ್-ಅವರ್ ಅಂದ್ರೆ ಬ್ಯಾಟರಿ ಹಿಡಿಯೋ ಶಕ್ತಿಯ ಅಳತೆ, ಲೆಕ್ಕ ಸುಲಭ: ಬ್ಯಾಟರಿ ಮೇಲೆ ಬರೆದಿರೋ ಎಂಎಎಚ್‌ನ ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್ ಪವರ್ ಬ್ಯಾಂಕು 3.7 ವೋಲ್ಟ್ ಲೆಕ್ಕದಲ್ಲಿ 74. ಅದನ್ನ ಚೆಕ್-ಇನ್ ಬ್ಯಾಗಿಗೆ ಹಾಕ್ಬೇಡಿ, ಕೈಯಲ್ಲೇ ಇರಲಿ.) 2022ರ ಏಪ್ರಿಲ್‌ನಿಂದ ಆ ಕಿಂಡಿಯೂ ಮುಚ್ಚಿತು. ಈಗ ಒಂದೇ ಒಂದು ಬಿಡಿ ಬ್ಯಾಟರಿ ಕಳಿಸ್ಬೇಕಾದ್ರೂ ಡಿಕ್ಲರೇಷನ್, ಕ್ಲಾಸ್ 9 ಲೇಬಲ್, 'ಕಾರ್ಗೋ ವಿಮಾನ ಮಾತ್ರ' ಲೇಬಲ್, ಟ್ರೈನಿಂಗ್ ಆಗಿರೋ ಮನುಷ್ಯನ ಸಹಿ ಎಲ್ಲಾ ಬೇಕು.

ಕಿಂಡಿ ಮುಚ್ಚಿದ ಆ ತಿಂಗಳು ನಮ್ಮ ಒಬ್ಬ ಕಸ್ಟಮರ್‌ಗೆ ಎರಡು ಸ್ಪೇರ್ ಬ್ಯಾಟರಿ ಕಳಿಸ್ಬೇಕಿತ್ತು, ಒಂದೊಂದು 5,200 ಎಂಎಎಚ್, ಅಂಗೈಯಲ್ಲಿ ಹಿಡಿಸೋ ಅಷ್ಟು. ಬಂದ ಕೊಟೇಷನ್ ಬ್ಯಾಟರಿ ಬೆಲೆಗಿಂತ ಎಷ್ಟೋ ಪಟ್ಟು. ಇಷ್ಟಾ ಅಂತ ಬಾಯಿ ಬಿಟ್ಟಿದ್ದಕ್ಕೆ ಫೋನಲ್ಲಿದ್ದ ಏಜೆಂಟ್ ದನಿ ತಗ್ಗಿಸಿ "ಪಾರ್ಟ್ಸ್ ಅಂತ ಹಾಕ್ಬಿಡಿ ಸಾರ್, ಯಾರ್ ನೋಡ್ತಾರೆ" ಅಂದ. ನಾವು ಹಾಕಲಿಲ್ಲ, ದುಡ್ಡು ಕೊಟ್ವಿ. ಆಮೇಲೂ ಡಬ್ಬ ಒಂದ್ಸಲ ವಾಪಸ್ ಬಂತು, ಕಾರಣ ಲೇಬಲ್ ಡಬ್ಬದ ಅಂಚಿಂದ ಪಕ್ಕದ ಮೈಗೆ ಮಡಚ್ಕೊಂಡಿದೆ, ಒಂದೇ ಮೈಮೇಲೆ ಪೂರ್ತಿ ಕಾಣ್ಬೇಕು. ರೂಲ್ ಹಾಗೇ ಇದೆ, ತಪ್ಪು ನಮ್ದೇ, ಡಬ್ಬ ಚಿಕ್ಕದಾಯ್ತು. ಆದ್ರೆ ಅವತ್ತು ಸ್ಕೇಲ್ ಹಿಡ್ಕೊಂಡು ಲೇಬಲ್ ಅಳೀತಾ ನನಗೆ ಹೊಳೆದಿದ್ದು ಇಷ್ಟು: 'ಪಾರ್ಟ್ಸ್' ಅಂತ ಬರೆದು ಕಳಿಸಿದೋನ ಡಬ್ಬದ ಮೇಲೆ ಲೇಬಲ್ಲೇ ಇರಲ್ಲ, ಹಾಗಾಗಿ ಅದು ಮಡಚ್ಕೊಂಡಿದೆಯಾ ಅಂತ ಯಾರೂ ನೋಡಲ್ಲ. ಬರೆದೋರಿಗೆ ಖರ್ಚು ಏರಿದಷ್ಟೂ ಬರೀದೇ ಇರೋದು ಅಗ್ಗ ಆಗ್ತಾ ಹೋಗುತ್ತೆ.

ಹಡಗಿನ ಕಡೆ ಕತೆ ಬೇರೆ ಲಯದ್ದು. ಅಲ್ಲಿ ಐಎಂಡಿಜಿ ಕೋಡ್, ಅಂದ್ರೆ ಹಡಗಲ್ಲಿ ಅಪಾಯಕಾರಿ ವಸ್ತು ಸಾಗಿಸೋ ಅಂತರರಾಷ್ಟ್ರೀಯ ರೂಲ್ ಬುಕ್, ಎರಡು ವರ್ಷಕ್ಕೊಮ್ಮೆ ತಿದ್ದುಪಡಿ. ಬಿಡಿ ಬ್ಯಾಟರಿಗೆ ವಿಮಾನದ ಹಾಗೆ 30 ಪರ್ಸೆಂಟ್ ಕಟ್ಟುಪಾಡು ಇಲ್ಲ, 100 ವ್ಯಾಟ್-ಅವರ್ ಒಳಗಿನದಕ್ಕೆ ಸ್ಪೆಷಲ್ ಪ್ರಾವಿಷನ್ 188 ಅಂತ ರಿಯಾಯ್ತಿ ಇದೆ, ಟೆಸ್ಟ್ ಆಗಿರ್ಬೇಕು, ಶಾರ್ಟ್ ಆಗದ ಹಾಗೆ ಪ್ಯಾಕ್ ಆಗಿರ್ಬೇಕು, ಮಾರ್ಕ್ ಇರ್ಬೇಕು, ಅಷ್ಟೇ. ಟೆಸ್ಟ್ ಅಂದ್ರೆ ಯುಎನ್ 38.3, ಬ್ಯಾಟರಿನ 72 ಡಿಗ್ರಿಗೆ ಬಿಸಿ ಮಾಡಿ ಮೈನಸ್ 40ಕ್ಕೆ ತಂದು, ನಡುಗಿಸಿ, ಹೊಡೆದು, ಶಾರ್ಟ್ ಮಾಡಿ ನೋಡೋದು. ವಿಮಾನಕ್ಕೂ ಹಡಗಿಗೂ ಅದೇ ಟೆಸ್ಟು.

ಸಮುದ್ರದಲ್ಲಿ ಬಿಸಿ ಚರ್ಚೆ ಎದ್ದಿದ್ದು ಡಬ್ಬಗಳಿಗಿಂತ ಹೆಚ್ಚಾಗಿ ಕಾರುಗಳಿಂದ. 2022ರ ಫೆಬ್ರವರಿಯಲ್ಲಿ ಸುಮಾರು 4,000 ಕಾರು ಹೊತ್ತ ಫೆಲಿಸಿಟಿ ಏಸ್ ಅನ್ನೋ ಹಡಗು ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಹತ್ತಿರ ಬೆಂಕಿ ಹತ್ಕೊಂಡು ಮಾರ್ಚ್ 1ಕ್ಕೆ ಮುಳುಗ್ತು. 2023ರ ಜುಲೈನಲ್ಲಿ ಡಚ್ ಕರಾವಳಿಯಲ್ಲಿ ಫ್ರೀಮ್ಯಾಂಟಲ್ ಹೈವೇ, 3,783 ಕಾರು, ಅದರಲ್ಲಿ 498 ಎಲೆಕ್ಟ್ರಿಕ್, ಸತ್ತಿದ್ದು ಒಬ್ಬ ಭಾರತೀಯ ನಾವಿಕ. ಬೆಂಕಿ ಆರೋ ಮುಂಚೇನೇ ವಾಟ್ಸಾಪಲ್ಲಿ ಎಲೆಕ್ಟ್ರಿಕ್ ಕಾರೇ ಕಾರಣ ಅಂತ ತೀರ್ಪು ಬಂದಾಗಿತ್ತು, ಆದ್ರೆ ಹಡಗನ್ನ ಎಳ್ಕೊಂಡು ಬಂದು ನೋಡಿದಾಗ ಕೆಳಗಿನ ಡೆಕ್ಕಿನ ಎಲೆಕ್ಟ್ರಿಕ್ ಕಾರುಗಳು ಸುಡದೇ ನಿಂತಿದ್ವು. 2025ರ ಜೂನಲ್ಲಿ ಅಲಾಸ್ಕಾ ಆಚೆ ಮಾರ್ನಿಂಗ್ ಮೈಡಾಸ್, ಸುಮಾರು 3,000 ವಾಹನ, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಸೇರಿ 700ರ ಮೇಲೆ, ಅದೂ ಮುಳುಗ್ತು, ಸಿಬ್ಬಂದಿ 22 ಜನ ಬಚಾವಾದ್ರು. ಯಾವುದರಿಂದ ಶುರುವಾಯ್ತು ಅನ್ನೋದಕ್ಕಿಂತ ಶುರುವಾದ ಮೇಲೆ ಏನು ಅನ್ನೋದು ಕಷ್ಟದ ಪ್ರಶ್ನೆ, ಹಡಗಿನ ಕಾರ್ಬನ್ ಡೈಆಕ್ಸೈಡ್ ಜ್ವಾಲೆ ಆರಿಸುತ್ತೆ, ಬ್ಯಾಟರಿ ಬಿಸಿ ಇಳಿಸಕ್ಕೆ ಲೋಡುಗಟ್ಟಲೆ ನೀರು ಬೇಕು. ನೆಲದ ಮೇಲಾದ್ರೆ ಫೈರ್ ಎಂಜಿನ್ ಕರೀಬಹುದು. 2022ರ ಏಪ್ರಿಲಲ್ಲಿ ಬೆಂಗಳೂರಿಗೆ ಬರ್ತಿದ್ದ 40 ಎಲೆಕ್ಟ್ರಿಕ್ ಸ್ಕೂಟರ್‌ಗಳ ಕಂಟೇನರ್ ನಾಸಿಕ್ ಹತ್ತಿರ ಹೊತ್ಕೊಂಡಾಗ 20 ಸುಟ್ಟವು, 20 ಉಳಿದ್ವು. ನಡುನೀರಲ್ಲಿ ಯಾರನ್ನ ಕರೆಯೋದು?

ಒಂದು ವಿಚಿತ್ರ ಏನಂದ್ರೆ ಇತ್ತೀಚಿನ ತನಕ ಎಲೆಕ್ಟ್ರಿಕ್ ಕಾರಿಗೂ ಬ್ಯಾಟರಿ ವೀಲ್‌ಚೇರಿಗೂ ಒಂದೇ ನಂಬರ್, 3171. ಲಿಥಿಯಂ ಅಯಾನ್ ವಾಹನಕ್ಕೆ ಅಂತಲೇ 3556 ಬಂದಿದೆ, ಹಡಗಿಗೆ ಇದು ಕಡ್ಡಾಯ ಆಗಿದ್ದು 2026ರ ಜನವರಿಯಿಂದ.

ಅದೇ ಜನವರಿಯಿಂದ ವಿಮಾನದ ಕಡೆ ಇನ್ನೊಂದು: ಉಪಕರಣದ ಜೊತೆ ಡಬ್ಬದಲ್ಲಿ ಹೋಗೋ ಬ್ಯಾಟರಿಗೂ ಈಗ 30 ಪರ್ಸೆಂಟ್ ಕಡ್ಡಾಯ, 2.7 ವ್ಯಾಟ್-ಅವರ್ ಒಳಗಿನ ಪುಟಾಣಿಗಳನ್ನ ಬಿಟ್ಟು. ನಮ್ಮ ಸ್ಪೇರ್ ಬ್ಯಾಟರಿ 19 ಚಿಲ್ಲರೆ, ಸಿಕ್ಕಾಕೊಂಡ್ವಿ. ಫ್ಯಾಕ್ಟರಿಯಿಂದ ಅವು ಒಂದೊಂದು ಲಾಟ್ ಒಂದೊಂದು ಥರ ಚಾರ್ಜ್ ಆಗಿ ಬರ್ತವೆ. ಹಾಗಾಗಿ ನಮ್ಮ ಸ್ಟೋರಲ್ಲಿ ಈಗ ಒಬ್ಬ ಹುಡುಗ ಡಿಸ್ಪ್ಯಾಚ್ ಹಿಂದಿನ ದಿನ ಪೂರ್ತಿ ಬ್ಯಾಟರಿಗಳಿಗೆ ಲೋಡ್ ಕೊಟ್ಟು ಚಾರ್ಜ್ ಇಳಿಸ್ತಾ ಕೂರ್ತಾನೆ, ಒಂದೊಂದರ ಪಕ್ಕ ಪೆನ್ಸಿಲಲ್ಲಿ ಬರೀತಾ ಹೋಗ್ತಾನೆ, 29, 28, 28, 27. ಹೋದ ತಿಂಗಳು ಜರ್ಮನಿ ಕಸ್ಟಮರ್‌ದು ಮೇಲ್ ಬಂತು, ಬ್ಯಾಟರಿ ಎಲ್ಲಾ ಡಲ್ಲಾಗಿ ಬಂದಿವೆ, ಹಳೇ ಸ್ಟಾಕ್ ಕಳಿಸಿದ್ದೀರಾ ಅಂತ.