ಖೋಲಿ, ಕೊಠಡಿ, ಕಮ್ರಾ: ಹತ್ತಡಿ ಜಾಗಕ್ಕೆ ಎಷ್ಟು ಹೆಸರು!

ಕಲಬುರಗಿಯ ನಮ್ಮ ಓಣಿಯಲ್ಲಿ ಒಂದು ತುಕ್ಕು ಹಿಡಿದ ಗೇಟಿಗೆ ರಟ್ಟಿನ ತುಂಡು ಕಟ್ಟಿದ್ದಾರೆ. ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: ‘ಖೋಲಿ ಕಿರಾಯಿಗಿ ಅದ’. ಎದುರು ಮನೆಯವರದು ಪ್ರಿಂಟ್ ಹಾಕಿಸಿದ ಬೋರ್ಡು: ‘ಕೊಠಡಿ ಬಾಡಿಗೆಗೆ ಇದೆ’. ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ ‘ರೂಮ್ ಬೇಕೇನ್ರಿ?’ ಅಂತಾರೆ. ಅಲ್ಲೇ ನಿಂತ ಚಾಚಾ ಅದನ್ನೇ ‘ಕಮ್ರಾ’ ಅಂತಾರೆ. ಜಾಗ ಅದೇ, ನೆಲದ ಶಹಾಬಾದ್ ಫರ್ಸಿಯೂ ಅದೇ.

ಮೈಸೂರು ಕಡೆಯವರಿಗೆ ‘ಖೋಲಿ’ ಸ್ವಲ್ಪ ಹೊಸದು. ಇದು ಮರಾಠಿಯಿಂದ ಬಂದ ಮಾತು. ಆಳಂದ, ಬಸವಕಲ್ಯಾಣ, ಔರಾದ್ ದಾಟಿದರೆ ಮಹಾರಾಷ್ಟ್ರವೇ. ಸಂತೆ, ಬೀಗತನ ಎಲ್ಲ ಆಚೆ ಈಚೆ ನಡೆದೇ ಇದೆ. ದುಡಿಯಲು ಮುಂಬೈ, ಪುಣೆಗೆ ಹೋದವರು ಇರುವುದೂ ಖೋಲಿಯಲ್ಲೇ. ಮರಾಠಿಯಲ್ಲಿ ‘ಖೋಲ್’ ಅಂದರೆ ಆಳವಾದದ್ದು. ‘ಖೋಲಿ’ ಅಂದರೆ ಆಳವೂ ಹೌದು, ಕೋಣೆಯೂ ಹೌದು. ಹಾಗಾಗಿ ಬಾವಿಗೂ ಖೋಲಿ ಇರುತ್ತದೆ, ಮನೆಗೂ ಇರುತ್ತದೆ. ನಮ್ಮ ಹಳೇ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಸರಿಯಾಗಿ ಒಪ್ಪುತ್ತದೆ. ಪಡಸಾಲೆ ದಾಟಿ ಒಳಗೆ ಹೋದಷ್ಟೂ ಕತ್ತಲು ಜಾಸ್ತಿ, ತಂಪೂ ಜಾಸ್ತಿ. ‘ಒಳಗಿನ ಖೋಲ್ಯಾಗ ಇಡು’ ಅಂತ ಆಯಿ ಹೇಳಿದರೆ ಅದು ಬೆಲ್ಲವೋ ಬಂಗಾರವೋ, ಬೇಗ ಕೈಗೆ ಸಿಗಬಾರದ ವಸ್ತು ಅಂತಲೇ ಅರ್ಥ.

ಆದರೆ ಅದೇ ಆಯಿ ಅಡುಗೆ ಮಾಡುತ್ತಿದ್ದದ್ದು ಖೋಲಿಯಲ್ಲಲ್ಲ, ಅಡಗಿಮನಿಯಲ್ಲಿ. ಸ್ನಾನ ಬಚ್ಚಲಮನಿಯಲ್ಲಿ, ದೀಪ ದೇವರಮನಿಯಲ್ಲಿ. ಮನೆಯೊಳಗೆ ಇಷ್ಟೊಂದು ಮನೆ! ಕನ್ನಡದಲ್ಲಿ ಒಂದು ಕೆಲಸಕ್ಕೆ ಮೀಸಲಾದ ಜಾಗವೂ ‘ಮನೆ’ಯೇ.

ಮಜಾ ಏನೆಂದರೆ ಫಾರಸಿಯಲ್ಲೂ ಇದೇ ಲೆಕ್ಕ. ಅಲ್ಲಿ ‘ಖಾನಾ’ ಅಂದರೆ ಮನೆ. ದವಾ ಅಂದರೆ ಔಷಧ, ದವಾಖಾನೆ ಔಷಧದ ಮನೆ. ಕಾರ್ ಅಂದರೆ ಕೆಲಸ, ಕಾರ್ಖಾನೆ ಕೆಲಸದ ಮನೆ. ಗುಸಲ್ ಅಂದರೆ ಸ್ನಾನ, ಗುಸಲ್‌ಖಾನೆ ನಮ್ಮ ಬಚ್ಚಲಮನೆಯೇ. ಪಾಯಖಾನೆ ಬಿಡಿಸಿದರೆ ‘ಕಾಲಿನ ಮನೆ’. ಯಾಕೆ ಅಂತ ವಿವರಿಸುವುದು ಬೇಡ. 1347ರಲ್ಲಿ ಬಹಮನಿಗಳು ಆಳ್ವಿಕೆ ಶುರುಮಾಡಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ದರಬಾರಿನ ಭಾಷೆ ಫಾರಸಿ. ಆಮೇಲೆ ರಾಜಧಾನಿ ಬೀದರಿಗೆ ಹೋಯಿತು, ಕೊನೆಗೆ 1948ರವರೆಗೆ ನಿಜಾಮರ ಉರ್ದು ಆಡಳಿತ. ಇಷ್ಟು ದಿನ ಪಕ್ಕದಲ್ಲೇ ಇದ್ದ ‘ಖಾನೆ’ ನಮ್ಮ ‘ಮನೆ’ ಜೊತೆ ಜಗಳವಿಲ್ಲದೆ ಸೇರಿಹೋಯಿತು. ಎರಡಕ್ಕೂ ಕಟ್ಟೋಣ ಒಂದೇ ಅಲ್ವಾ? ಅಂದಹಾಗೆ, ‘ಖಜಾನೆ’ಯನ್ನು ಈ ಸಾಲಿಗೆ ಸೇರಿಸಬೇಡಿ. ಅದು ಕೂಡಿಡುವುದು ಎಂಬ ಅರ್ಥದ ಬೇರೆಯೇ ಅರಬ್ಬಿ ಪದ.

‘ಕೊಠಡಿ’ ಕಚೇರಿಯ ಮಾತು. 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದ ಮೇಲೆ ಶಾಲೆಯ ಗೋಡೆ, ಸರ್ಕಾರಿ ಕಾಗದಗಳಲ್ಲಿ ಹೆಚ್ಚು ಕಾಣಿಸಿಕೊಂಡಿತು. ಮೂಲ ಸಂಸ್ಕೃತದ ‘ಕೋಷ್ಠ’. ಉಗ್ರಾಣವೂ ಕೋಷ್ಠ, ಹೊಟ್ಟೆಯೂ ಕೋಷ್ಠ. ಮಲಬದ್ಧತೆಗೆ ಕೋಷ್ಠಬದ್ಧತೆ ಅನ್ನುವುದು ಅದಕ್ಕೇ. ಮರಾಠಿಯಲ್ಲಿ ‘ಕೋಠಡಿ’ ಅಂದರೆ ಲಾಕಪ್ಪು. ಎದುರು ಮನೆಯ ಬೋರ್ಡು ಓದಿ ಲಾತೂರಿನ ಬೀಗರು ನಕ್ಕರೆ ತಪ್ಪು ತಿಳಿಯಬಾರದು.

ಚಾಚಾನ ‘ಕಮ್ರಾ’ ಮಾತ್ರ ಎಲ್ಲಕ್ಕಿಂತ ದೂರದಿಂದ ಬಂದದ್ದು. ಗ್ರೀಕಿನ ‘ಕಮಾರಾ’ ಅಂದರೆ ಕಮಾನು ಚಾವಣಿ. ಅದು ಲ್ಯಾಟಿನ್‌ನಲ್ಲಿ ‘ಕ್ಯಾಮೆರಾ’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಕಾಮರಾ’ ಆಗಿ ಹಡಗು ಹತ್ತಿತು. ಚಾವಿ, ಅಲಮಾರಿಗಳೂ ಅವರ ಜೊತೆಗೇ ಬಂದವು. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಹೋದರೆ ಗ್ರೀಕರು ಹೇಳಿದ ಕಮಾರಾ ಕಣ್ಣೆದುರೇ ಇದೆ. ತೆರೆದ ಅಂಗಳವಿಲ್ಲ, ಇಡೀ ಮಸೀದಿಗೆ ಕಮಾನು, ಗುಮ್ಮಟಗಳ ಚಾವಣಿ. ಕಟ್ಟಿದ್ದು 1367ರಲ್ಲಿ. ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ವಸ್ತು ಮೊದಲು ಬಂತು, ಹೆಸರು ಆಮೇಲೆ.

ಫೋಟೋ ತೆಗೆಯುವ ಕ್ಯಾಮೆರಾ ಕೂಡ ಇದೇ ಪದ. ಲ್ಯಾಟಿನ್‌ನಲ್ಲಿ ‘ಕ್ಯಾಮೆರಾ ಅಬ್ಸ್‌ಕ್ಯೂರಾ’ ಅಂದರೆ ಕತ್ತಲ ಕೋಣೆ. ಸಣ್ಣ ತೂತಿನಿಂದ ಬೆಳಕು ಒಳಗೆ ಬಂದರೆ ಹೊರಗಿನ ಚಿತ್ರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಇದನ್ನು ನಾನು ಓದುವುದಕ್ಕೂ ಮೊದಲೇ ನೋಡಿದ್ದೆ. ಮೇ ತಿಂಗಳ ಮಧ್ಯಾಹ್ನ, ಬಿಸಿಲಿಗೆ ಎಲ್ಲ ಬಾಗಿಲು ಹಾಕಿ ಆಯಿ ಮಲಗಿದ್ದಳು. ಓಣಿ ಕಡೆಯ ಖೋಲಿಯ ಬಾಗಿಲಲ್ಲಿ ಒಂದು ಗಂಟು ಉದುರಿದ ತೂತು. ಸುಣ್ಣದ ಗೋಡೆಯ ಮೇಲೆ ಆಡುಗಳು ಕಾಲು ಮೇಲೆ ಮಾಡಿಕೊಂಡು ಒಂದರ ಹಿಂದೆ ಒಂದು ನಡೆದು ಹೋದವು. ಆಯಿಯನ್ನು ಎಬ್ಬಿಸಿದೆ. ‘ಸುಮ್ನ ಮಕ್ಕೋ’ ಅಂದು ಮಗ್ಗುಲು ಬದಲಿಸಿದಳು.