ಕುದುರೆ ನಿಲ್ಲದಿದ್ದರೆ ಮುಳ್ಳಿನ ಕಡಿವಾಣ ಹಾಕಬೇಕಾ?

ಪ್ರಶ್ನೆ: ಲಗಾಮು ಜಗ್ಗಿದಷ್ಟೂ ನಮ್ಮ ಕುದುರೆ ಜೋರಾಗಿ ಓಡುತ್ತದೆ. ಮುಳ್ಳಿನ ಕಡಿವಾಣ ಹಾಕಿ ಅಂತಾರೆ. ಹಾಕಲಾ?
– ಅಕ್ಕಲಕೋಟೆಯ ಓದುಗರು

ಬೇಡ. ಜತ್ತದವರಿಗೂ ಇದನ್ನೇ ಬರೆದೆ, ಸೋಲಾಪುರದವರಿಗೂ ಇದನ್ನೇ ಬರೆದೆ. ಆದರೂ ಸಂತೆಯಲ್ಲಿ ಕಡಿವಾಣ ಮಾರುವವರ ಮಾತೇ ಗೆಲ್ಲುತ್ತದೆ.

ಕುದುರೆಯ ಬಾಯಿ ತೆರೆದು ನೋಡಿದ್ದೀರಾ? ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಕಡಿವಾಣ ಕೂರುವುದು ಅಲ್ಲೇ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ಒಸಡು ಬಿಟ್ಟರೆ ಏನೂ ಇಲ್ಲ. ಮೊಣಕಾಲ ಕೆಳಗಿನ ಎಲುಬಿಗೆ ಮಂಚದ ಅಂಚು ತಾಗಿದರೆ ಹೇಗಾಗುತ್ತೆ ಗೊತ್ತಲ್ವಾ? ಕುದುರೆ ಹೆದರಿದರೂ ಓಡುತ್ತದೆ, ನೋವಾದರೂ ಓಡುತ್ತದೆ. ನೀವು ಜಗ್ಗುತ್ತೀರಿ, ಅದು ಓಡುತ್ತದೆ, ನೀವು ಇನ್ನೂ ಜಗ್ಗುತ್ತೀರಿ. ಮುಳ್ಳು ಹಾಕಿದರೆ ನಾಲ್ಕು ದಿನ ನಿಂತೀತು. ಆಮೇಲೆ ತಲೆ ಎತ್ತಿ ತಪ್ಪಿಸಿಕೊಳ್ಳುವುದನ್ನು, ಮುಂಗಾಲು ಎತ್ತಿ ನಿಲ್ಲುವುದನ್ನು ಕಲಿಯುತ್ತದೆ. ಇದು ಕಾನೂನಿಗೂ ವಿರುದ್ಧ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮ ಸವಾರಿಗೂ ಮುಳ್ಳಿನ ಕಡಿವಾಣ ಬಳಸಬಾರದು ಎನ್ನುತ್ತದೆ.

ನೋವು ಕೊಡದೆ ಕುದುರೆ ಮಾತು ಕೇಳಲ್ಲ ಅನ್ನುವವರು ಆಷಾಢದಲ್ಲಿ ಪಂಢರಪುರದ ಹತ್ತಿರದ ವಾಖರಿಯ ರಿಂಗಣ, ಅಂದರೆ ವಾರಕರಿಗಳ ನಡುವೆ ಕುದುರೆ ಸುತ್ತು ಹಾಕುವ ಆಚರಣೆ, ನೋಡಬೇಕು. ನಮ್ಮ ಚಿಕ್ಕೋಡಿ ಕಡೆಯ ಅಂಕಲಿಯಿಂದ ಆಳಂದಿಗೆ ಹೋಗಿ ಪಾಲಕಿ ಜೊತೆ ಬರುವ ಮಾವುಲಿಯ, ಅಂದರೆ ಸಂತ ಜ್ಞಾನೇಶ್ವರರ, ಕುದುರೆ ಅದು. ಬೆನ್ನ ಮೇಲೆ ಸವಾರನಿಲ್ಲ. ಸುತ್ತಲೂ ತಾಳ, ಮೃದಂಗ, ಕಣ್ಣು ಹಾಯಿಸಿದಷ್ಟು ಜನ. ಆ ಗದ್ದಲದಲ್ಲೂ ಸುತ್ತು ಹಾಕುತ್ತದೆ. ರೂಢಿ ಮಾಡಿಸಿದ್ದರಿಂದ ಬಂದ ಧೈರ್ಯ ಅದು.

ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು. ವರ್ಷಕ್ಕೊಮ್ಮೆಯಾದರೂ ಅರದಿಂದ ಉಜ್ಜಿಸಿ ನಯ ಮಾಡಿಸಬೇಕು. ಜೀನು ಕೂರುವ ಜಾಗದಲ್ಲಿ ನೋವಿದೆಯಾ ಅಂತ ಒತ್ತಿ ನೋಡಿ. ದಿನವಿಡೀ ಕಟ್ಟಿ ಹಾಕಿ ಕಾಳು ಜಾಸ್ತಿ ತಿನ್ನಿಸುತ್ತಿದ್ದರೆ ಅದನ್ನೂ ಬಿಡಿ.

ಆಮೇಲೆ ನಡಿಗೆಯಲ್ಲೇ ಪಾಠ ಶುರು ಮಾಡಿ. 'ಹೋ' ಅನ್ನಿ, ಗಟ್ಟಿಯಾಗಿ ಕೂತು ಲಗಾಮು ಮೆಲ್ಲಗೆ ಬಿಗಿ ಮಾಡಿ. ನಿಂತ ಕೂಡಲೇ ಸಡಿಲ ಬಿಡಿ. ಕುದುರೆ ಕಲಿಯುವುದು ಆ ಸಡಿಲದಿಂದಲೇ. ತಡವಾಗಿ ಬಿಟ್ಟರೆ ಏನನ್ನೂ ಕಲಿಯುವುದಿಲ್ಲ. ಓಡಿಯೇ ಬಿಟ್ಟರೆ, ಬಯಲಿದ್ದಲ್ಲಿ ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತನ್ನು ನಿಧಾನವಾಗಿ ಚಿಕ್ಕದು ಮಾಡುತ್ತ ಬನ್ನಿ.

ಅಂದಹಾಗೆ, ಕುದುರೆಯ ವಯಸ್ಸು ನೀವು ಬರೆದಿಲ್ಲ. ಅಕಲೂಜಿನ ಕುದುರೆ ಪೇಟೆಯಿಂದ ಎರಡು ವರ್ಷದ ಮರಿ ತಂದು ಮಾರನೇ ದಿನವೇ ಹತ್ತುವವರಿದ್ದಾರೆ. ಮೈಯೆತ್ತರ ನೋಡಿ ಮೋಸ ಹೋಗಬೇಡಿ. ಕಾಲಿನ ಎಲುಬು ಮೊದಲು ಬಲಿಯುತ್ತದೆ, ಬೆನ್ನೆಲುಬು ಎಲ್ಲಕ್ಕಿಂತ ಕೊನೆಗೆ, ಐದು ವರ್ಷ ದಾಟಿದ ಮೇಲೆ. ನಾನಂತೂ ನಾಲ್ಕು ತುಂಬುವವರೆಗೆ ಬೆನ್ನ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಅಲ್ಲಿವರೆಗೆ ಹಗ್ಗ ಹಿಡಿದು ಊರಲ್ಲಿ ಓಡಾಡಿಸುತ್ತೇನೆ, ಬ್ಯಾಂಡು, ಟ್ರ್ಯಾಕ್ಟರು, ಎಲ್ಲದರ ಪಕ್ಕ.